ಉಪವಾಸಕ್ಕೆ ನೊಬೆಲ್ ಸಾಕ್ಷಿ ಬೇಕೇ?

ರಮಝಾನ್ ಹತ್ತಿರವಾಗುತ್ತಿದ್ದಂತೆ ನಮ್ಮ ನಡುವೆ ಒಂದು ಸಂದೇಶ ಹರಿದಾಡತೊಡಗುತ್ತದೆ. ಉಪವಾಸದ ಪ್ರಯೋಜನವನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಯೊಬ್ಬರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿದೆ. ಹಸಿದ ದೇಹವು ತನ್ನೊಳಗಿನ ರೋಗಗ್ರಸ್ತ ಕೋಶಗಳನ್ನು ತಾನೇ ತಿಂದು ಮುಗಿಸುತ್ತದೆ. ಆದ್ದರಿಂದ ಉಪವಾಸ ಆಚರಿಸುವವರ ಬಳಿ ಕ್ಯಾನ್ಸರ್ ಸುಳಿಯದು, ಕರುಳಿನ ಕಾಯಿಲೆಗಳು ವಾಸಿಯಾಗುತ್ತವೆ. ಹದಿನಾಲ್ಕು ಶತಮಾನಗಳ ಹಿಂದೆ ಇಸ್ಲಾಮ್ ಹೇಳಿದ್ದನ್ನು ವಿಜ್ಞಾನ ಈಗ ಒಪ್ಪಿಕೊಂಡಿದೆ. ಆ ಸಂದೇಶದ ಸಾರ ಇಷ್ಟು. ಅದನ್ನು ಕಳುಹಿಸುವವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನಿಂದಲೇ ಕಳುಹಿಸುತ್ತಾರೆ. ಉಪವಾಸದ ಬಗ್ಗೆ ಉದಾಸೀನರಾಗಿರುವ ಯುವಕರಿಗೆ ಪ್ರೇರಣೆಯಾಗಲಿ ಎಂಬ ಆಶಯ ಒಂದೆಡೆ, ಇತರರು ನಮ್ಮ ಧರ್ಮವನ್ನು ಗೌರವದಿಂದ ಕಾಣಲಿ ಎಂಬ ಆಸೆ ಇನ್ನೊಂದೆಡೆ.

ಉದ್ದೇಶ ಒಳ್ಳೆಯದಾಗಿರುವಾಗ ಮಾತಿನಲ್ಲಿ ತುಸು ಉತ್ಪ್ರೇಕ್ಷೆಯಿದ್ದರೆ ಏನು ತಪ್ಪು? ಸತ್ಯವಾದ ಒಂದು ವಿಷಯಕ್ಕೆ ದುರ್ಬಲವಾದ ಆಧಾರವನ್ನು ಒದಗಿಸಿದರೆ ಯಾರಿಗೆ ನಷ್ಟ? ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಸತ್ಯದೊಂದಿಗೆ ನಮ್ಮ ಸಂಬಂಧ ಎಂತಹದ್ದು ಎಂಬ ದೊಡ್ಡ ಪ್ರಶ್ನೆ ಅದರೊಳಗೆ ಅಡಗಿದೆ. ಅದಕ್ಕೆ ಉತ್ತರ ಹುಡುಕುವ ಮೊದಲು ಆ ಪ್ರಶಸ್ತಿಯ ಹಿಂದಿನ ಸಂಶೋಧನೆ ಏನು, ಅದು ಕರುಳಿನ ಕಾಯಿಲೆಯವರೆಗೆ ಹೇಗೆ ಬಂತು, ಆ ದಾರಿಯಲ್ಲಿ ನಡೆದವರು ಸತ್ಯವನ್ನು ಹೇಗೆ ನಡೆಸಿಕೊಂಡರು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಯೀಸ್ಟ್ ಕೋಶದೊಳಗಿನ ನೋಟ

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಹಳೆಯದಾದ, ಕೆಟ್ಟುಹೋದ ಭಾಗಗಳು ದಿನವೂ ಉಂಟಾಗುತ್ತವೆ. ಕೋಶವು ಅವುಗಳ ಸುತ್ತ ಎರಡು ಪದರದ ಒಂದು ಪೊರೆಯನ್ನು ಕಟ್ಟಿ, ಗಂಟು ಮಾಡಿ, ಜೀರ್ಣಿಸುವ ಕಿಣ್ವಗಳಿರುವ ಚೀಲಕ್ಕೆ ಸಾಗಿಸುತ್ತದೆ. ಅಲ್ಲಿ ಅವು ಒಡೆದು ಮತ್ತೆ ಬಳಸಬಹುದಾದ ಸಾಮಗ್ರಿಯಾಗುತ್ತವೆ. ಈ ಕ್ರಿಯೆಗೆ ಬೆಲ್ಜಿಯಮ್‌ನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲಿ ಆಟೊಫೇಜಿ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ತನ್ನನ್ನು ತಾನೇ ತಿನ್ನುವುದು ಎಂದರ್ಥ. ಕಿಣ್ವಗಳ ಆ ಚೀಲವನ್ನು ಗುರುತಿಸಿದವರೂ ಅವರೇ. 1974ರಲ್ಲಿ ಅವರಿಗೂ ನೊಬೆಲ್ ಬಂತು. ಆದರೆ ಈ ಕ್ರಿಯೆಯನ್ನು ನಡೆಸುವ ವಂಶವಾಹಿಗಳು ಯಾವುವು ಎಂಬುದು ಮುಂದಿನ ಹಲವು ವರ್ಷ ಯಾರಿಗೂ ತಿಳಿಯಲಿಲ್ಲ.

ಯೊಶಿನೊರಿ ಒಸುಮಿ ಜಪಾನಿನ ಫುಕುವೊಕಾದಲ್ಲಿ 1945ರಲ್ಲಿ ಹುಟ್ಟಿದವರು. 1988ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸ್ವಂತದ್ದೊಂದು ಪುಟ್ಟ ಪ್ರಯೋಗಾಲಯ ಸಿಕ್ಕಿತು. ಬ್ರೆಡ್ಡಿನ ಹಿಟ್ಟನ್ನು ಹುದುಗಿಸುವ ಸಾಮಾನ್ಯ ಯೀಸ್ಟ್ ಅವರ ವಸ್ತು. ಅದರ ಕೋಶದೊಳಗಿನ ರಸದಾನಿ ಎಂಬ ಭಾಗವನ್ನು ಆಗ ಹೆಚ್ಚಿನವರು ಕೇವಲ ಕಸದ ತೊಟ್ಟಿ ಎಂದು ಬಗೆದಿದ್ದರು. ಹೆಚ್ಚು ಜನ ಮುಟ್ಟದ ಆ ವಿಷಯವನ್ನೇ ಅವರು ಆರಿಸಿಕೊಂಡರು. ಜೀರ್ಣಿಸುವ ಕಿಣ್ವಗಳಿಲ್ಲದ ಯೀಸ್ಟ್ ಕೋಶಗಳನ್ನು ಆಹಾರವಿಲ್ಲದೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ರಸದಾನಿಯೊಳಗೆ ಪುಟ್ಟ ಪುಟ್ಟ ಗುಂಡುಗಳು ತುಂಬಿಕೊಂಡು ಚಲಿಸುತ್ತಿರುವುದು ಕಂಡಿತು. ಕೋಶ ತನ್ನ ಭಾಗಗಳನ್ನು ಗಂಟುಕಟ್ಟಿ ಅಲ್ಲಿಗೆ ಕಳುಹಿಸುತ್ತಿತ್ತು. ಜೀರ್ಣವಾಗಲು ಕಿಣ್ವವಿಲ್ಲದ್ದರಿಂದ ಗಂಟುಗಳು ಹಾಗೆಯೇ ಉಳಿದಿದ್ದವು. ಇದರ ವರದಿ 1992ರಲ್ಲಿ ಪ್ರಕಟವಾಯಿತು. ಈ ಕ್ರಿಯೆ ನಡೆಯದ ಯೀಸ್ಟ್‌ಗಳನ್ನು ಸಾವಿರಾರು ಕೋಶಗಳ ನಡುವಿನಿಂದ ಹೆಕ್ಕಿ ತೆಗೆದು, ಅದಕ್ಕೆ ಅಗತ್ಯವಾದ 15 ವಂಶವಾಹಿಗಳನ್ನು ಅವರು ಮತ್ತು ಅವರ ವಿದ್ಯಾರ್ಥಿನಿ 1993ರಲ್ಲಿ ಮುಂದಿಟ್ಟರು. 2016ರ ನೊಬೆಲ್ ಪ್ರಶಸ್ತಿ ದೊರೆತದ್ದು ಆಟೊಫೇಜಿಯ ಕಾರ್ಯವಿಧಾನವನ್ನು ಕಂಡುಹಿಡಿದದ್ದಕ್ಕೆ.

ಗಮನಿಸಬೇಕಾದ ಸಂಗತಿ ಇದು: ಒಸುಮಿ ಮನುಷ್ಯರ ಉಪವಾಸದ ಮೇಲೆ ಸಂಶೋಧನೆ ಮಾಡಿ ಈ ಪ್ರಶಸ್ತಿ ಪಡೆದವರಲ್ಲ. ಅವರು ಹಸಿವಿಗೆ ಒಡ್ಡಿದ್ದು ಯೀಸ್ಟನ್ನು. ರಮಝಾನ್ ಆಗಲಿ ಇನ್ನಾವುದೇ ಧರ್ಮದ ವ್ರತವಾಗಲಿ ಅವರ ಅಧ್ಯಯನದ ವಿಷಯವಾಗಿರಲಿಲ್ಲ.

ಯೀಸ್ಟಿನಿಂದ ಕರುಳಿಗೆ

ಒಸುಮಿ 1996ರಲ್ಲಿ ಒಕಝಾಕಿಯ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ ಅವರ ತಂಡವನ್ನು ಸೇರಿದವರಲ್ಲಿ ವೈದ್ಯರಾಗಿ ತರಬೇತಿ ಪಡೆದಿದ್ದ ನೊಬೊರು ಮಿಝುಶಿಮಾ ಒಬ್ಬರು. ಪೊರೆಯನ್ನು ಎಲ್ಲಿ ಕಟ್ಟಬೇಕೆಂದು ನಿರ್ಧರಿಸಲು ನೆರವಾಗುವ ಒಂದು ಪ್ರೋಟೀನನ್ನು ಅವರು 1999ರಲ್ಲಿ ಯೀಸ್ಟ್‌ನಲ್ಲಿ ಗುರುತಿಸಿದರು. ಇಲಿಯಲ್ಲಿರುವ ಅದರ ಜೊತೆಗಾರ ಪ್ರೋಟೀನಿನ ವಿವರ 2003ರಲ್ಲಿ ಪ್ರಕಟವಾಯಿತು. ಎಟಿಜಿ16ಎಲ್1 ಎಂಬುದು ಅದಕ್ಕೆ ಇಂದು ಇರುವ ಹೆಸರು. ಇದಕ್ಕೂ ಕರುಳಿನ ಕಾಯಿಲೆಗೂ ಸಂಬಂಧವಿರಬಹುದೆಂದು ಆಗ ಯಾರೂ ಊಹಿಸಿರಲಿಲ್ಲ.

ಕ್ರೋನ್ಸ್ ರೋಗದ ಬಗ್ಗೆ ಸ್ವಲ್ಪ ಹೇಳಬೇಕು. ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದರು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚಾಗಿ ಕಾಣಿಸುವ ಈ ಉರಿಯೂತ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿಯೂ ಬರಬಹುದು. ಹೊಟ್ಟೆನೋವು, ದೀರ್ಘಕಾಲದ ಭೇದಿ, ತೂಕ ಇಳಿಯುವುದು, ರಕ್ತಹೀನತೆ, ಕರುಳು ಕಿರಿದಾಗಿ ಅಡಚಣೆಯಾಗುವುದು ಇದರ ಲಕ್ಷಣಗಳು. ಹೆಚ್ಚಾಗಿ ಹರೆಯದಲ್ಲೇ ಶುರುವಾಗಿ ಜೀವನದುದ್ದಕ್ಕೂ ಕಾಡುತ್ತದೆ. ಔಷಧಗಳಿಂದ ಹತೋಟಿಯಲ್ಲಿಡಬಹುದು, ಆದರೆ ಬೇರುಸಹಿತ ಕೀಳುವ ಚಿಕಿತ್ಸೆ ಇನ್ನೂ ಇಲ್ಲ. ದೊಡ್ಡ ಕರುಳಿಗೆ ಬರುವ ಅಲ್ಸರೇಟಿವ್ ಕೊಲೈಟಿಸ್ ಇದರ ಸಮೀಪದ ಬಂಧು. ಭಾರತದಲ್ಲೂ ಈ ಎರಡೂ ಕಾಯಿಲೆಗಳು ಹೆಚ್ಚುತ್ತಿವೆ. ನಮ್ಮಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ರೋಗವೂ ಒಂದೇ ರೀತಿ ಕಾಣಿಸುವುದರಿಂದ ಯಾವುದು ಯಾವುದೆಂದು ಗುರುತಿಸಲು ವೈದ್ಯರು ಕಷ್ಟಪಡಬೇಕಾಗುತ್ತದೆ.

2007ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ತಂಡಗಳು ಸಾವಿರಾರು ರೋಗಿಗಳ ಮತ್ತು ಆರೋಗ್ಯವಂತರ ವಂಶವಾಹಿಗಳನ್ನು ಹೋಲಿಸಿ ನೋಡಿದವು. ರೋಗದೊಂದಿಗೆ ನಂಟಿರುವ ಸ್ಥಾನಗಳಲ್ಲಿ ಒಂದು ಇದೇ ಎಟಿಜಿ16ಎಲ್1 ಎಂದು ತಿಳಿದುಬಂತು. ಪ್ರೋಟೀನಿನ 300ನೆಯ ಸ್ಥಾನದಲ್ಲಿ ಒಂದು ಅಮೈನೊ ಆಮ್ಲದ ಬದಲು ಇನ್ನೊಂದಿದ್ದರೆ ರೋಗದ ಸಾಧ್ಯತೆ ತುಸು ಹೆಚ್ಚುತ್ತದೆ. ಯೀಸ್ಟ್ ಸಂಶೋಧನೆ ಹೀಗೆ ರೋಗಿಯ ಹಾಸಿಗೆಯ ಬಳಿಗೆ ಬಂತು. ಸ್ವಾರಸ್ಯವೆಂದರೆ, ಅದೇ ವರ್ಷ ಜಪಾನಿನ ರೋಗಿಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಈ ನಂಟು ಕಾಣಿಸಲಿಲ್ಲ. ಒಂದು ಜನಾಂಗದಲ್ಲಿ ಕಂಡುಬಂದ ಸಂಗತಿಯನ್ನು ಕಣ್ಣುಮುಚ್ಚಿ ಇನ್ನೊಂದಕ್ಕೆ ಅನ್ವಯಿಸಬಾರದೆಂಬ ಎಚ್ಚರಿಕೆ ಅಲ್ಲೇ ಸಿಕ್ಕಿತು.

ಮಾಯವಾದ ಫಲಿತಾಂಶ

ಇಲ್ಲಿಂದ ಮುಂದಿನ ಕತೆ ನಮಗೆ ಹೆಚ್ಚು ಮುಖ್ಯ. ಕೆನ್ ಕ್ಯಾಡ್‌ವೆಲ್ ಎಂಬ ಯುವ ವಿಜ್ಞಾನಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ವರ್ಜಿನ್ ಅವರ ಪ್ರಯೋಗಾಲಯದಲ್ಲಿದ್ದರು. ಎಟಿಜಿ16ಎಲ್1 ಕಡಿಮೆ ಇರುವ ಇಲಿಗಳನ್ನು ಅವರ ತಂಡ ಪರೀಕ್ಷಿಸಿತು. ಸಣ್ಣ ಕರುಳಿನ ಒಳಮೈಯ ಸಣ್ಣ ಗುಂಡಿಗಳ ತಳದಲ್ಲಿ ಪೆನೆತ್ ಕೋಶಗಳೆಂಬ ಕೋಶಗಳಿವೆ. ಸೂಕ್ಷ್ಮಾಣುಗಳನ್ನು ಕೊಲ್ಲುವ ದ್ರವ್ಯವನ್ನು ಹರಳುಗಳ ರೂಪದಲ್ಲಿ ಕೂಡಿಟ್ಟು ಬೇಕಾದಾಗ ಹೊರಚೆಲ್ಲುವುದು ಅವುಗಳ ಕೆಲಸ. ಈ ಇಲಿಗಳಲ್ಲಿ ಆ ಹರಳುಗಳು ಅಸ್ತವ್ಯಸ್ತವಾಗಿದ್ದವು. ಆ ವಂಶವಾಹಿಯ ಬದಲಾವಣೆಯಿದ್ದ ಕ್ರೋನ್ಸ್ ರೋಗಿಗಳ ಕರುಳಿನಲ್ಲೂ ಹಾಗೆಯೇ ಕಂಡಿತು. 2008ರಲ್ಲಿ ಇದು ಪ್ರಕಟವಾದಾಗ ವಿಜ್ಞಾನಲೋಕ ಅದನ್ನು ಮಹತ್ವದ ಹೆಜ್ಜೆಯೆಂದು ಸ್ವಾಗತಿಸಿತು.

ಆದರೆ ಇದೇ ಇಲಿಗಳ ವಂಶವನ್ನು ಹೆಚ್ಚು ಸ್ವಚ್ಛವಾದ, ಸೋಂಕುಗಳು ನುಸುಳದಂತೆ ಬಿಗಿಯಾಗಿ ಕಾಯುವ ಬೇರೊಂದು ತಾಣದಲ್ಲಿ ಬೆಳೆಸಿದಾಗ ಆ ದೋಷ ಕಾಣಿಸಲೇ ಇಲ್ಲ! ವಂಶವಾಹಿಯ ಕೊರತೆ ಹಾಗೆಯೇ ಇದೆ, ಪೆನೆತ್ ಕೋಶಗಳು ಮಾತ್ರ ಚೆನ್ನಾಗಿವೆ. ಹೆಸರು ತಂದ ಸಂಶೋಧನೆಯ ಬುಡವೇ ಅಲುಗಾಡುವಂತಹ ಪರಿಸ್ಥಿತಿ. ಹಳೆಯ ತಾಣದಲ್ಲೇ ಇಲಿಗಳನ್ನು ಬೆಳೆಸುತ್ತ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲವೇನೊ. ಅವರು ಹಾಗೆ ಮಾಡಲಿಲ್ಲ. ಹಳೆಯ ತಾಣದಲ್ಲಿದ್ದು ಹೊಸ ತಾಣದಲ್ಲಿಲ್ಲದ್ದು ಯಾವುದು ಎಂದು ಹುಡುಕಿದರು. ಸಿಕ್ಕಿದ್ದು ಇಲಿಗಳ ಕರುಳಿನಲ್ಲಿ ದೀರ್ಘಕಾಲ ಉಳಿಯುವ ಒಂದು ನೊರೊವೈರಸ್. ಸ್ವಚ್ಛ ತಾಣದ ಇಲಿಗಳಿಗೆ ಆ ವೈರಸನ್ನು ಕೊಟ್ಟಾಗ ದೋಷ ಮರಳಿತು. ವಂಶವಾಹಿ ಸರಿಯಿದ್ದ ಇಲಿಗಳಿಗೆ ಅದೇ ವೈರಸ್ ಏನನ್ನೂ ಮಾಡಲಿಲ್ಲ. ಅದರ ಮೇಲೆ ಕರುಳಿಗೆ ರಾಸಾಯನಿಕದ ಗಾಯವಾದಾಗ ಕಾಣಿಸಿದ ಉರಿಯೂತವನ್ನು ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆ್ಯಂಟಿಬಯೋಟಿಕ್ ತಡೆಯಿತು. ಅಂದರೆ ಒಂದು ರೋಗಕ್ಕೆ ವಂಶವಾಹಿ, ವೈರಸ್, ಬ್ಯಾಕ್ಟೀರಿಯಾ, ಗಾಯ ಇವೆಲ್ಲವೂ ಕೂಡಿಬರಬೇಕು. 2010ರಲ್ಲಿ ಅವರು ಇದನ್ನು ಪ್ರಕಟಿಸಿದರು. ತಮ್ಮದೇ ಮೊದಲ ಮಾತಿಗೆ ಷರತ್ತು ಹಾಕಿದ ಈ ಪ್ರಬಂಧ ಮೊದಲಿನದಕ್ಕಿಂತ ಆಳವಾದ ಸತ್ಯವನ್ನು ಹೇಳಿತು.

ಕ್ಯಾಡ್‌ವೆಲ್ ಮುಂದೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿದರು. 2014ರಲ್ಲಿ ಅವರ ತಂಡ ಇನ್ನೊಂದು ಅಚ್ಚರಿಯನ್ನು ಕಂಡಿತು. ಕರುಳಿನಲ್ಲಿ ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಕರುಳಿನ ರಚನೆ ಬಡವಾಗಿರುತ್ತದೆ. ಅವುಗಳಿಗೆ ಇಲಿಗಳ ನೊರೊವೈರಸನ್ನು ಕೊಟ್ಟಾಗ ಕರುಳು ಚೇತರಿಸಿಕೊಂಡಿತು. ಒಂದೆಡೆ ರೋಗ ತಂದದ್ದು ಇನ್ನೊಂದೆಡೆ ಉಪಕಾರಿಯಾಯಿತು. ಎಟಿಜಿ16ಎಲ್1 ಇಲ್ಲದಾಗ ಕರುಳಿನ ಕೋಶಗಳು ಒಂದು ಬಗೆಯ ಉಗ್ರ ಸಾವಿಗೆ ಈಡಾಗುತ್ತವೆ ಎಂದು 2017ರಲ್ಲಿ ತೋರಿಸಿದರು. ವಂಶವಾಹಿಯ ದೋಷವಿದ್ದರೂ ಪೆನೆತ್ ಕೋಶಗಳನ್ನು ಸಾಯದಂತೆ ಕಾಪಾಡುವ ಒಂದು ಪ್ರೋಟೀನನ್ನು ಕರುಳಿನಲ್ಲೇ ಇರುವ ರಕ್ಷಣಾ ಕೋಶಗಳು ಸ್ರವಿಸುತ್ತವೆ ಎಂದು 2022ರಲ್ಲಿ ವರದಿ ಮಾಡಿದರು. ಇಷ್ಟಾದರೂ ಆಟೊಫೇಜಿಯನ್ನು ಸರಿಪಡಿಸಿ ಕ್ರೋನ್ಸ್ ರೋಗವನ್ನು ಗುಣಪಡಿಸುವ ಔಷಧ ಇನ್ನೂ ರೋಗಿಗಳ ಕೈಗೆ ಬಂದಿಲ್ಲ. ಒಂದು ವಂಶವಾಹಿಯ ಹಿಂದೆ ಹೋದವರು ಹದಿನೈದು ವರ್ಷ ಕಳೆದ ಮೇಲೂ ಪ್ರತಿ ವಾಕ್ಯಕ್ಕೂ ಒಂದು ಷರತ್ತು ಸೇರಿಸುತ್ತಿದ್ದಾರೆ.

ಸಂದೇಶ ಹೇಳುವುದು, ಸಂಶೋಧನೆ ಹೇಳುವುದು

ಈಗ ಮೊಬೈಲಿನ ಸಂದೇಶಕ್ಕೆ ಮರಳೋಣ. ಅದರಲ್ಲಿ ಷರತ್ತು ಎಂಬುದೇ ಇಲ್ಲ. ಹಸಿವಿನಿಂದ ಆಟೊಫೇಜಿ ಹೆಚ್ಚುತ್ತದೆ ಎಂಬುದು ಯೀಸ್ಟ್‌ನಲ್ಲೂ ಇಲಿಯಲ್ಲೂ ನಿಜ. 2004ರಲ್ಲಿ ಮಿಝುಶಿಮಾ ಇಲಿಗಳಿಗೆ ಒಂದೆರಡು ದಿನ ಆಹಾರ ಕೊಡದೆ ಪರೀಕ್ಷಿಸಿದಾಗ ಅನೇಕ ಅಂಗಗಳಲ್ಲಿ ಈ ಕ್ರಿಯೆ ಹೆಚ್ಚಿದ್ದನ್ನು ಕಂಡರು. ಆದರೆ ಇಲಿಯ ಒಂದು ದಿನದ ಹಸಿವು ಮನುಷ್ಯನ ಒಂದು ದಿನದ ಹಸಿವಿಗೆ ಸಮವಲ್ಲ. ಪುಟ್ಟ ಪ್ರಾಣಿಯ ದೇಹ ಬಹಳ ವೇಗವಾಗಿ ಶಕ್ತಿಯನ್ನು ವ್ಯಯಿಸುತ್ತದೆ. ಜೀವಂತ ಮನುಷ್ಯನ ಅಂಗಗಳಲ್ಲಿ ಆಟೊಫೇಜಿ ಎಷ್ಟು ನಡೆಯುತ್ತಿದೆ ಎಂದು ನೇರವಾಗಿ ಅಳೆಯುವುದು ಇಂದಿಗೂ ಕಷ್ಟ. ಹೀಗಿರುವಾಗ ಸಹ್‌ರಿಯಿಂದ ಇಫ್ತಾರಿನವರೆಗಿನ ಉಪವಾಸ ಇಂತಿಂಥ ರೋಗವನ್ನು ಗುಣಪಡಿಸುತ್ತದೆಂದು ಹೇಳಲು ನೊಬೆಲ್ ಪ್ರಶಸ್ತಿ ಆಧಾರವಾಗಲಾರದು.

ಕ್ಯಾನ್ಸರ್ ವಿಷಯದಲ್ಲಂತೂ ಚಿತ್ರ ಇನ್ನೂ ಜಟಿಲ. ಆಟೊಫೇಜಿಗೆ ಬೇಕಾದ ಒಂದು ವಂಶವಾಹಿ ಗೆಡ್ಡೆಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂದು ಅಮೆರಿಕದ ವಿಜ್ಞಾನಿ ಬೆತ್ ಲೆವಿನ್ 1999ರಲ್ಲಿ ತೋರಿಸಿದ್ದರು. ಆದರೆ ಗೆಡ್ಡೆ ಒಮ್ಮೆ ಬೆಳೆದು ನಿಂತ ಮೇಲೆ, ಆಹಾರದ ಕೊರತೆಯಾದಾಗ ಕ್ಯಾನ್ಸರ್ ಕೋಶಗಳೂ ಇದೇ ಆಟೊಫೇಜಿಯನ್ನು ಬಳಸಿ ಬದುಕುಳಿಯುತ್ತವೆ. ಆದ್ದರಿಂದ ಆಟೊಫೇಜಿಯನ್ನು ತಡೆಯುವ ಔಷಧವನ್ನೇ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿದವರಿದ್ದಾರೆ. ಅಂದರೆ ಆಟೊಫೇಜಿಯನ್ನು ಕೇವಲ ಒಳಿತೆಂದಾಗಲಿ ಕೇವಲ ಕೆಡುಕೆಂದಾಗಲಿ ಕರೆಯುವಂತಿಲ್ಲ. ಅದು ಎಲ್ಲಿ, ಯಾವಾಗ, ಎಷ್ಟು ಎಂಬುದೇ ಮುಖ್ಯ.

ಯಾರಿಗೆ ನಷ್ಟ?

ಉತ್ಪ್ರೇಕ್ಷೆಯಿಂದ ನಷ್ಟ ಯಾರಿಗೆ ಎಂಬ ಪ್ರಶ್ನೆಗೆ ಈಗ ಬರೋಣ. ಮೊದಲ ನಷ್ಟ ರೋಗಿಗೆ. ಕ್ರೋನ್ಸ್ ರೋಗ ಉಲ್ಬಣಿಸಿರುವ ಒಬ್ಬ ಯುವತಿಯನ್ನು ಊಹಿಸಿಕೊಳ್ಳಿ. ದಿನಕ್ಕೆ ಹತ್ತಾರು ಬಾರಿ ಭೇದಿ, ದೇಹದಲ್ಲಿ ನೀರಿಲ್ಲ, ತೂಕ ಇಳಿದಿದೆ, ಹೊತ್ತುಹೊತ್ತಿಗೆ ಮಾತ್ರೆ ನುಂಗಬೇಕು. ಪವಿತ್ರ ಕುರ್‌ಆನ್ ಉಪವಾಸವನ್ನು ಕಡ್ಡಾಯಗೊಳಿಸಿದ ಸ್ಥಳದಲ್ಲೇ ರೋಗಿಗಳಿಗೆ ಮತ್ತು ಪ್ರಯಾಣಿಕರಿಗೆ ವಿನಾಯಿತಿ ನೀಡಿದೆ. ಬೇರೆ ದಿನಗಳಲ್ಲಿ ಅದನ್ನು ಪೂರ್ತಿಗೊಳಿಸಬಹುದು. ಗುಣವಾಗುವ ಭರವಸೆಯಿಲ್ಲದವರು ಪ್ರಾಯಶ್ಚಿತ್ತವಾಗಿ ಬಡವರಿಗೆ ಊಟ ನೀಡಬಹುದು. ದೇವನು ತನ್ನ ದಾಸರಿಗೆ ಸೌಲಭ್ಯವನ್ನು ಬಯಸುತ್ತಾನೆಯೇ ಹೊರತು ಕಷ್ಟವನ್ನಲ್ಲ ಎಂಬ ತತ್ವವೂ ಅಲ್ಲೇ ಇದೆ. ಆದರೆ ಉಪವಾಸವೇ ಕರುಳಿನ ಕಾಯಿಲೆಗೆ ಮದ್ದು ಎಂದು ವಿಜ್ಞಾನದ ಹೆಸರಿನಲ್ಲಿ ಸಾರಿದಾಗ ದೇವನು ಕೊಟ್ಟ ಆ ವಿನಾಯಿತಿಯನ್ನು ನಾವು ಅವಳ ಕೈಯಿಂದ ಕಿತ್ತುಕೊಳ್ಳುತ್ತೇವೆ. ಹಿರಿಯರು ಪ್ರೀತಿಯಿಂದಲೇ, ನೀನು ಉಪವಾಸ ಹಿಡಿ ಮಗಳೇ, ಎಲ್ಲ ಗುಣವಾಗುತ್ತದೆ ಎನ್ನುತ್ತಾರೆ. ಅವಳು ಊಟ ಮಾಡಿದರೆ ಅಪರಾಧಿಯಂತೆ ತಲೆತಗ್ಗಿಸಬೇಕು, ಮಾಡದಿದ್ದರೆ ಆಸ್ಪತ್ರೆ ಸೇರಬೇಕು.

ಪ್ರವಾದಿ ಮುಹಮ್ಮದ್(ಸ)ರ ಕಾಲದ ಒಂದು ಘಟನೆಯನ್ನು ಅಬೂದಾವೂದ್‌ರವರ ಹದೀಸ್ ಸಂಗ್ರಹ ದಾಖಲಿಸಿದೆ. ಪ್ರಯಾಣದಲ್ಲಿದ್ದ ಒಬ್ಬರಿಗೆ ಕಲ್ಲು ತಗಲಿ ತಲೆಗೆ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾದಾಗ ತಯಮ್ಮುಮ್ ಸಾಕೇ ಎಂದು ಸಂಗಡಿಗರಲ್ಲಿ ಕೇಳಿದರು. ನೀರು ಸಿಗುತ್ತಿರುವಾಗ ವಿನಾಯಿತಿ ಇಲ್ಲವೆಂದು ಅವರು ಹೇಳಿದರು. ಗಾಯಾಳು ಸ್ನಾನ ಮಾಡಿ ತೀರಿಕೊಂಡರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಬಹಳ ನೊಂದರು. ಆ ಸಾವಿನ ಹೊಣೆಯನ್ನು ತಪ್ಪು ಉತ್ತರ ಕೊಟ್ಟವರ ಮೇಲೆಯೇ ಹೊರಿಸಿದರು. ತಿಳಿಯದಿದ್ದಾಗ ಕೇಳಬಾರದಿತ್ತೇ, ಅರಿವಿಲ್ಲದಿರುವಿಕೆಗೆ ಕೇಳುವುದೇ ಔಷಧವಲ್ಲವೇ ಎಂಬುದು ಅವರ ಮಾತಿನ ತಾತ್ಪರ್ಯ. ಆ ಸಂಗಡಿಗರು ದುಷ್ಟರಾಗಿರಲಿಲ್ಲ. ಧರ್ಮದ ಮೇಲಿನ ಆಸ್ಥೆಯಿಂದಲೇ ಅವರು ಹಾಗೆ ಹೇಳಿದ್ದರು. ಆದರೆ ಒಳ್ಳೆಯ ಉದ್ದೇಶ ಅವರನ್ನು ಹೊಣೆಯಿಂದ ಪಾರು ಮಾಡಲಿಲ್ಲ.

ಎರಡನೆಯ ನಷ್ಟ ವಿಶ್ವಾಸಕ್ಕೆ. ಆರಾಧನೆಯನ್ನು ಪ್ರಯೋಗಾಲಯದ ಫಲಿತಾಂಶದ ಮೇಲೆ ನಿಲ್ಲಿಸಿದರೆ ಫಲಿತಾಂಶ ಬದಲಾದ ದಿನ ಆರಾಧನೆಯ ಗತಿ ಏನು? ಬರಿಯ ತಾಣ ಬದಲಾಯಿಸಿದ್ದರಿಂದ ಒಂದು ಫಲಿತಾಂಶ ಮಾಯವಾದುದನ್ನು ಮೇಲೆ ನೋಡಿದೆವು. ವಿಜ್ಞಾನದ ಶಕ್ತಿಯೇ ಅದು ತನ್ನನ್ನು ತಿದ್ದಿಕೊಳ್ಳುತ್ತಿರುವುದರಲ್ಲಿದೆ. ಹಾಗಿರುವಾಗ ಅದರ ಇವತ್ತಿನ ವಾಕ್ಯಕ್ಕೆ ನಮ್ಮ ಶಾಶ್ವತ ನಂಬಿಕೆಯನ್ನು ಕಟ್ಟಿಹಾಕುವುದು ಜಾಣತನವಲ್ಲ. ಆ ಸಂದೇಶ ನಂಬಿ ಉಪವಾಸ ಶುರುಮಾಡಿದ ಯುವಕ, ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಅದು ಅತಿಶಯೋಕ್ತಿ ಎಂದು ತಿಳಿದಾಗ ಸಂದೇಶವನ್ನು ಮಾತ್ರ ಅನುಮಾನಿಸುವುದಿಲ್ಲ, ಅದನ್ನು ಕಳುಹಿಸಿದವರ ಉಳಿದ ಮಾತುಗಳನ್ನೂ ಅನುಮಾನಿಸುತ್ತಾನೆ.

ಮೂರನೆಯ ನಷ್ಟ ಉಪವಾಸಕ್ಕೇ. ಉಪವಾಸದ ಗುರಿ ದೇವಭಯ ಮತ್ತು ಆತ್ಮಸಂಯಮ ಎಂದು ಕುರ್‌ಆನ್ ಕಲಿಸುತ್ತದೆ. ಸುಳ್ಳು ಹೇಳುವುದನ್ನು ಬಿಡದವನ ಹಸಿವು ದೇವನಿಗೆ ಬೇಕಿಲ್ಲ ಎಂಬ ಅರ್ಥದ ಹದೀಸ್ ನಮಗೆಲ್ಲ ಗೊತ್ತು. ಅಂದ ಮೇಲೆ ಉಪವಾಸದ ಪ್ರಚಾರಕ್ಕಾಗಿಯೇ ಅಸತ್ಯವನ್ನು ಹರಡುವುದು ಎಂತಹ ವಿಪರ್ಯಾಸ! ಆರೋಗ್ಯ ಸುಧಾರಿಸಿದರೆ ಅದು ದೇವನ ಅನುಗ್ರಹ. ಆದರೆ ಆರೋಗ್ಯಕ್ಕಾಗಿಯೇ ಹಸಿದಿರುವುದು ಪಥ್ಯವಾಗುತ್ತದೆ, ಆರಾಧನೆಯಾಗುವುದಿಲ್ಲ. ನೆರೆಮನೆಯವನ ಹಸಿವನ್ನು ಅರಿಯುವುದು, ನಾಲಗೆಯನ್ನು ಹಿಡಿತದಲ್ಲಿಡುವುದು, ಏಕಾಂತದಲ್ಲೂ ನೀರು ಮುಟ್ಟದ ಪ್ರಾಮಾಣಿಕತೆ, ಇವನ್ನೆಲ್ಲ ಯಾವ ಸೂಕ್ಷ್ಮದರ್ಶಕವೂ ಅಳೆಯಲಾರದು.

ಗ್ರಹಣದ ದಿನದ ಪಾಠ

ನಮಗೆ ಅನುಕೂಲವಾದ ತಪ್ಪು ಕಲ್ಪನೆಯನ್ನು ಏನು ಮಾಡಬೇಕೆಂಬುದಕ್ಕೆ ಪ್ರವಾದಿ(ಸ)ರ ಬದುಕಿನಲ್ಲೇ ಸ್ಪಷ್ಟ ಮಾದರಿಯಿದೆ. ಅವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಪ್ರವಾದಿಯ ಮಗನ ಸಾವಿಗೆ ಸೂರ್ಯನೂ ಕಪ್ಪಿಟ್ಟಿದ್ದಾನೆ ಎಂದು ಜನ ಮಾತಾಡಿಕೊಂಡರು. ಸುಮ್ಮನಿದ್ದಿದ್ದರೆ ಅದು ಅವರ ಹಿರಿಮೆಯನ್ನು ಹೆಚ್ಚಿಸುತ್ತಿತ್ತು. ಜನರ ವಿಶ್ವಾಸವೂ ಗಟ್ಟಿಯಾಗುತ್ತಿತ್ತೇನೊ. ಆದರೆ ಪುತ್ರಶೋಕದಲ್ಲಿದ್ದ ಅವರು ಆ ದಿನವೇ ಜನರ ಮುಂದೆ ನಿಂತು, ಸೂರ್ಯ ಚಂದ್ರರು ದೇವನ ದೃಷ್ಟಾಂತಗಳು, ಯಾರದೇ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಹೇಳಿದರು. ಸತ್ಯಸಂದೇಶಕ್ಕೆ ಸುಳ್ಳಿನ ಊರುಗೋಲು ಬೇಡವೆಂದು ಇದಕ್ಕಿಂತ ಖಚಿತವಾಗಿ ಹೇಳಲು ಸಾಧ್ಯವೇ?

ಈ ಮನೋಭಾವವನ್ನು ಮೈಗೂಡಿಸಿಕೊಂಡ ವಿದ್ವಾಂಸರು ನಮ್ಮ ಇತಿಹಾಸದಲ್ಲಿ ಇದ್ದರು. ವೈದ್ಯ ಅಬೂಬಕರ್ ಅರ್‍ರಾಝಿ ಗ್ರೀಕ್ ವೈದ್ಯ ಗ್ಯಾಲನ್‌ನನ್ನು ಗುರುವೆಂದೇ ಗೌರವಿಸುತ್ತಿದ್ದರು. ಆದರೂ ಅವನ ತಪ್ಪುಗಳನ್ನು ಎತ್ತಿ ತೋರಿಸಲು ಒಂದು ಗ್ರಂಥವನ್ನೇ ಬರೆದರು. ಬೆಳಕಿನ ಬಗ್ಗೆ ಅಧ್ಯಯನ ಮಾಡಿದ ಇಬ್ನುಲ್ ಹೈಸಮ್ ಟಾಲೆಮಿಯ ಕುರಿತ ತಮ್ಮ ಸಂದೇಹಗಳ ಗ್ರಂಥದಲ್ಲಿ, ಸತ್ಯವನ್ನು ಅರಸುವವನು ಹಿಂದಿನವರ ಬರಹವನ್ನು ಮಾತ್ರವಲ್ಲ, ತನ್ನ ಸ್ವಂತ ಒಲವುಗಳನ್ನೂ ಅನುಮಾನದಿಂದ ನೋಡಬೇಕು ಎಂಬ ನಿಲುವನ್ನು ಮುಂದಿಟ್ಟರು. ತಮ್ಮದೇ ಫಲಿತಾಂಶದ ಬೆನ್ನಟ್ಟಿ ಹೋಗಿ ಅದರ ಮಿತಿಯನ್ನು ಕಂಡುಕೊಂಡ ಸೇಂಟ್ ಲೂಯಿಸ್‌ನ ತಂಡ ಅದೇ ದಾರಿಯಲ್ಲಿ ನಡೆದಿದೆ. ಈ ಗುಣವನ್ನು ಯಾರ ಬಳಿ ಕಂಡರೂ ಅದು ನಮ್ಮದೇ ಕಳೆದುಹೋದ ಸೊತ್ತು ಎಂಬಂತೆ ಎತ್ತಿಕೊಳ್ಳಬೇಕು. ನೊಬೆಲ್ ಪ್ರಶಸ್ತಿಯನ್ನು ನಮ್ಮದೆಂದು ಹೇಳಿಕೊಳ್ಳುವುದಕ್ಕಿಂತ ಅದರ ಹಿಂದಿನ ಪ್ರಾಮಾಣಿಕತೆಯನ್ನು ನಮ್ಮದಾಗಿಸಿಕೊಳ್ಳುವುದು ಮೇಲು.

ಬೆರಗಿಗೆ ಅಡ್ಡಿಯಿಲ್ಲ

ಹಾಗಾದರೆ ವಿಜ್ಞಾನವನ್ನೂ ವಿಶ್ವಾಸವನ್ನೂ ಎರಡು ಬೇರೆ ಕೋಣೆಗಳಲ್ಲಿ ಬೀಗ ಹಾಕಿಡಬೇಕೇ ಎಂದು ಕೆಲವರು ಕೇಳಬಹುದು. ಖಂಡಿತ ಅಲ್ಲ. ಸೃಷ್ಟಿಯನ್ನು ನೋಡಿ ಚಿಂತಿಸಲು ಕುರ್‌ಆನ್ ಮತ್ತೆ ಮತ್ತೆ ಕರೆ ಕೊಡುತ್ತದೆ. ಆಟೊಫೇಜಿಯಲ್ಲಿ ಬೆರಗಾಗಲು ಬೇಕಾದಷ್ಟಿದೆ. ಮಿಝುಶಿಮಾರ ತಂಡ 2004ರಲ್ಲಿ ವರದಿ ಮಾಡಿದ ಒಂದು ಸಂಗತಿಯನ್ನು ನೋಡಿ. ಇಲಿಯ ಮರಿ ಹುಟ್ಟಿದಾಗ ಹೊಕ್ಕುಳಬಳ್ಳಿಯಿಂದ ಬರುತ್ತಿದ್ದ ಆಹಾರ ಥಟ್ಟನೆ ನಿಲ್ಲುತ್ತದೆ. ತಾಯಿಯ ಹಾಲು ಸಾಕಷ್ಟು ಸಿಗುವವರೆಗಿನ ಆ ಕೆಲವು ಗಂಟೆಗಳಲ್ಲಿ ಮರಿಯ ಕೋಶಗಳು ಆಟೊಫೇಜಿಯನ್ನು ಹೆಚ್ಚಿಸಿ ತಮ್ಮೊಳಗಿನಿಂದಲೇ ಅನ್ನ ಒದಗಿಸಿಕೊಳ್ಳುತ್ತವೆ. ಈ ಸಾಮರ್ಥ್ಯವಿಲ್ಲದಂತೆ ಮಾಡಿದ ಮರಿಗಳು ಒಂದು ದಿನದೊಳಗೆ ಸತ್ತವು. ಎರಡು ಆಹಾರಗಳ ನಡುವಿನ ಅಂತರಕ್ಕೂ ಒಂದು ವ್ಯವಸ್ಥೆಯಿದೆ! ಇದನ್ನು ಓದಿ ವಿಶ್ವಾಸಿಯ ನಾಲಗೆ ದೇವಸ್ತುತಿ ಮಾಡಿದರೆ ಅದು ಸಹಜ. ಆದರೆ ಬೆರಗಾಗುವುದು ಬೇರೆ, ಪುರಾವೆಯೆಂದು ಘೋಷಿಸುವುದು ಬೇರೆ. ಬೆರಗು ನಮ್ಮನ್ನು ವಿನೀತರನ್ನಾಗಿಸುತ್ತದೆ. ಪುರಾವೆಯ ಘೋಷಣೆ ನಾವು ಗೆದ್ದೆವು ಎಂಬ ಜಂಬವನ್ನು ಬೆಳೆಸುತ್ತದೆ.

ಪ್ರಯೋಜನವಿಲ್ಲದ ಜ್ಞಾನದಿಂದ ರಕ್ಷಣೆ ಬೇಡುವ ಪ್ರಾರ್ಥನೆಯನ್ನು ಪ್ರವಾದಿವರ್ಯರು(ಸ) ನಮಗೆ ಕಲಿಸಿದ್ದಾರೆ. ಯೀಸ್ಟಿನ ರಸದಾನಿಯನ್ನು ನೋಡುತ್ತ ಕುಳಿತವರ ಜ್ಞಾನ 1988ರಲ್ಲಿ ಅನೇಕರಿಗೆ ನಿಷ್ಪ್ರಯೋಜಕವಾಗಿ ಕಂಡಿರಬಹುದು. ಇಂದು ಅದು ಕರುಳಿನ ರೋಗಿಗಳ ನೋವಿಗೆ ಕಾರಣ ಹುಡುಕುವವರ ದಾರಿದೀಪ. ಜ್ಞಾನ ನಿಷ್ಪ್ರಯೋಜಕವಾಗುವುದು ಅದರ ಬಳಕೆ ಇನ್ನೂ ತಿಳಿಯದಿರುವುದರಿಂದ ಅಲ್ಲ. ಅದಕ್ಕಿರುವ ಆಧಾರಕ್ಕಿಂತ ಹೆಚ್ಚಿನ ಭಾರವನ್ನು ಅದರ ಮೇಲೆ ಹೊರಿಸಿ, ಬಲ್ಲವರಂತೆ ನಟಿಸಿದಾಗ ಅದು ನಿಷ್ಪ್ರಯೋಜಕವೂ ಆಗುತ್ತದೆ, ಅಪಾಯಕಾರಿಯೂ ಆಗುತ್ತದೆ. ತಿಳಿಯದ ವಿಷಯದ ಬೆನ್ನು ಹತ್ತಬೇಡಿರಿ, ಕಿವಿ ಕಣ್ಣು ಹೃದಯಗಳೆಲ್ಲ ವಿಚಾರಣೆಗೆ ಒಳಗಾಗಲಿವೆ ಎಂಬ ಕುರ್‌ಆನಿನ ಎಚ್ಚರಿಕೆಯ ವ್ಯಾಪ್ತಿಯಲ್ಲಿ ಇಂದು ಮೊಬೈಲ್ ಒತ್ತುವ ಬೆರಳೂ ಸೇರಿದೆ ಎಂದು ನಾವು ತಿಳಿಯಬೇಕು.

ಮುಂದಿನ ರಮಝಾನ್‌ನಲ್ಲಿ ಆ ಸಂದೇಶ ಮತ್ತೆ ಬರಬಹುದು. ಅದನ್ನು ಕಳುಹಿಸಿದವರು ಹಿರಿಯರಾಗಿದ್ದರೆ ಗೌರವದಿಂದಲೇ, ಕಾಕಾ, ಆ ಪ್ರಶಸ್ತಿ ಯೀಸ್ಟ್ ಸಂಶೋಧನೆಗೆ ಸಿಕ್ಕಿದ್ದು, ಉಪವಾಸಕ್ಕೆ ಅದರ ಅಗತ್ಯವಿಲ್ಲ ಎಂದು ಹೇಳಬಹುದು. ಮಸೀದಿಗಳಲ್ಲಿ ಉಪವಾಸದ ಮಹತ್ವವನ್ನು ವಿವರಿಸುವ ವಿದ್ವಾಂಸರು ಅದೇ ಉಸಿರಿನಲ್ಲಿ ರೋಗಿಗಳಿಗಿರುವ ವಿನಾಯಿತಿಯನ್ನೂ ವಿವರಿಸಬಹುದು. ಕರುಳಿನ ಕಾಯಿಲೆಯಿರುವವರು ಉಪವಾಸ ಆಚರಿಸಬಹುದೇ, ಔಷಧದ ಹೊತ್ತನ್ನು ಬದಲಾಯಿಸಬಹುದೇ ಎಂಬುದನ್ನು ಅವರವರ ವೈದ್ಯರಲ್ಲಿ ಮುಂಚಿತವಾಗಿ ಕೇಳಲಿ. ವೈದ್ಯರು ಬೇಡವೆಂದರೆ ಆ ಮನೆಯವರು ಅವರ ಮುಂದೆ ಮಧ್ಯಾಹ್ನದ ಗಂಜಿಯನ್ನು ಸಂತೋಷದಿಂದ ತಂದಿಡಲಿ. ದೇವನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸಿ ಆ ಗಂಜಿಯನ್ನು ಉಣ್ಣುವ ರೋಗಿಯೂ ಆ ತಿಂಗಳ ಪುಣ್ಯದಲ್ಲಿ ಪಾಲುದಾರನೇ.